ಮಾರಿಸ್ ಟ್ರಾವರ್ಸ್

ಮಾರಿಸ್ ವಿಲಿಯಂ ಟ್ರಾವರ್ಸ್ (24 ಜನವರಿ 1872 – 25 ಆಗಸ್ಟ್ 1961) ಇಂಗ್ಲೆಂಡಿನ ರಸಾಯನವಿಜ್ಞಾನಿ. ತಮ್ಮ ಗುರು ವಿಲಿಯಂ ರಾಮ್ಸೆಯವರೊಡನೆ 1898ರಲ್ಲಿ ಕ್ರಿಪ್ಟಾನ್, ನಿಯಾನ್ ಮತ್ತು ಕ್ಸೆನಾನ್ ಎಂಬ ಮೂರು ಧಾತುಗಳನ್ನು ಕಂಡುಹಿಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು ಇವರೇ. 1906ರ ಕೊನೆಯಲ್ಲಿ ಭಾರತಕ್ಕೆ ಬಂದು 1914ರವರೆಗೆ ಆ ಹುದ್ದೆಯಲ್ಲಿದ್ದರು. ವಿರಳವಾದ ಅನಿಲಗಳ ಬಗೆಗಿನ ಕೆಲಸದಿಂದಾಗಿ ಸಹೋದ್ಯೋಗಿಗಳು ಇವರನ್ನು ವಿರಳಾನಿಲದ ಟ್ರಾವರ್ಸ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದುದುಂಟು.

ಪ್ರೌಢಶಾಲೆಯ ವಿದ್ಯಾರ್ಥಿಗಳು ಆವರ್ತ ಕೋಷ್ಟಕದ ಬಲ ಅಂಚಿನಲ್ಲಿ ಬಾಯಿಪಾಠ ಮಾಡುವ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್ ಎಂಬ ಆರು ಹೆಸರುಗಳಲ್ಲಿ ಮೂರು ಟ್ರಾವರ್ಸ್ ಅವರ ಪ್ರಯೋಗಗಳಿಂದ ಬಂದವು. ಆದರೆ ಪಠ್ಯಪುಸ್ತಕಗಳಲ್ಲಿ ಈ ಶೋಧದೊಡನೆ ಕಾಣಿಸಿಕೊಳ್ಳುವ ಹೆಸರು ಸಾಮಾನ್ಯವಾಗಿ ರಾಮ್ಸೆಯವರದು ಮಾತ್ರ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಟ್ರಾವರ್ಸ್ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ವಿಲಿಯಂ ಟ್ರಾವರ್ಸ್ ವೈದ್ಯರು. ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಗಲದಂತೆ ನೋಡಿಕೊಳ್ಳುವ ವಿಧಾನಗಳನ್ನು ಮೊದಮೊದಲು ಅನುಸರಿಸಿದವರಲ್ಲಿ ಒಬ್ಬರು. ರ್ಯಾಮ್ಸ್‌ಗೇಟ್ ಮತ್ತು ವೋಕಿಂಗ್‌ಗಳಲ್ಲಿ ಆರಂಭದ ಶಿಕ್ಷಣವನ್ನು ಪಡೆದ ಬಳಿಕ 1885ರಿಂದ 1889ರವರೆಗೆ ಟಿವರ್ಟನ್ನಿನ ಬ್ಲಂಡೆಲ್ಸ್ ಶಾಲೆಯಲ್ಲಿ ಓದಿದರು. ಆ ಶಾಲೆಯಲ್ಲಿ ಒಳ್ಳೆಯ ರಸಾಯನ ಪ್ರಯೋಗಶಾಲೆಯಿತ್ತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ 1893ರಲ್ಲಿ ಪದವಿ ಪಡೆದರು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಸ್ಕಾಟ್ಲೆಂಡಿನ ವಿಲಿಯಂ ರಾಮ್ಸೆ. 1894ರಲ್ಲಿ ಫ್ರಾನ್ಸಿನ ನ್ಯಾನ್ಸಿಗೆ ಹೋಗಿ ಆಲ್ಬನ್ ಹಾಲರ್ ಅವರ ಬಳಿ ಸಾವಯವ ರಸಾಯನಶಾಸ್ತ್ರದ ಸಂಶೋಧನೆಗೆ ತೊಡಗಿದರಾದರೂ ಅದು ಹೆಚ್ಚು ಕಾಲ ನಡೆಯಲಿಲ್ಲ. ಅದೇ ವರ್ಷ ಲಂಡನ್ನಿಗೆ ಮರಳಿ ರಾಮ್ಸೆಯವರ ವಿಭಾಗದಲ್ಲಿ ಪ್ರಯೋಗ ಸಹಾಯಕರಾದರು.

ಗಾಳಿಯಲ್ಲಿ ಅಡಗಿದ್ದ ಧಾತುಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ವೇಳೆಗೆ ಗಾಳಿಯ ಬಗ್ಗೆ ತಿಳಿಯಬೇಕಾದುದೆಲ್ಲ ತಿಳಿದಾಗಿದೆ ಎಂಬ ಭಾವನೆ ರಸಾಯನವಿಜ್ಞಾನಿಗಳಲ್ಲಿ ಬೇರೂರಿತ್ತು. ಗಾಳಿಯೆಂದರೆ ಸಾರಜನಕ, ಆಮ್ಲಜನಕ, ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಈ ನಂಬಿಕೆಯನ್ನು ಅಲುಗಾಡಿಸಿದ್ದು ದಶಮಾಂಶದ ಮೂರನೆಯ ಸ್ಥಾನದಲ್ಲಿ ಕಂಡ ಒಂದು ವ್ಯತ್ಯಾಸ. ಗಾಳಿಯಿಂದ ಬೇರ್ಪಡಿಸಿದ ಸಾರಜನಕದ ಒಂದು ಲೀಟರಿನ ತೂಕ 1.257 ಗ್ರಾಂ, ಅಮೋನಿಯಾ ಮೊದಲಾದ ಸಂಯುಕ್ತಗಳಿಂದ ಪಡೆದ ಸಾರಜನಕದ್ದು ಸುಮಾರು 1.251 ಗ್ರಾಂ ಎಂದು ಲಾರ್ಡ್ ರೇಲೀ ಕಂಡುಕೊಂಡಿದ್ದರು. ಒಂದೇ ಧಾತುವಿಗೆ ಎರಡು ತೂಕಗಳಿರುವುದು ಸಾಧ್ಯವಿಲ್ಲ. ರೇಲೀ ಮತ್ತು ರಾಮ್ಸೆ ಇಬ್ಬರೂ ಸೇರಿ ಗಾಳಿಯ ಸಾರಜನಕದೊಡನೆ ಬೆರೆತಿದ್ದ ಭಾರವಾದ ಅನಿಲವೊಂದನ್ನು 1894ರ ಆಗಸ್ಟ್‌ನಲ್ಲಿ ಪ್ರಕಟಪಡಿಸಿದರು. ಅದೇ ಆರ್ಗಾನ್. ಅದು ಯಾವ ಧಾತುವಿನೊಡನೆಯೂ ಕೂಡಲು ಒಪ್ಪದೆ ಹೋದುದರಿಂದ ಸೋಮಾರಿ ಎಂಬ ಅರ್ಥದ ಗ್ರೀಕ್ ಪದದಿಂದ ಆ ಹೆಸರನ್ನಿಟ್ಟರು.

ಮರುವರ್ಷ ರಾಮ್ಸೆಯವರು ಕ್ಲೀವೈಟ್ ಎಂಬ ಖನಿಜದಿಂದ ಹೊರಬಂದ ಅನಿಲದಲ್ಲಿ ಹೀಲಿಯಂ ಅನ್ನು ಗುರುತಿಸಿದರು. 1868ರಲ್ಲಿ ಸೂರ್ಯನ ರೋಹಿತದಲ್ಲಿ ಮಾತ್ರ ಕಂಡಿದ್ದ ಹಳದಿ ಗೆರೆಗೆ ಭೂಮಿಯ ಮೇಲೆ ಸಾಕ್ಷಿ ದೊರೆತದ್ದು ಹೀಗೆ. ಟ್ರಾವರ್ಸ್ ರಾಮ್ಸೆಯವರ ಕೈಗೆ ಒದಗಿದ್ದು ಈ ಹೊತ್ತಿನಲ್ಲಿ. ಕೆಲವೇ ಘನ ಸೆಂಟಿಮೀಟರಿನಷ್ಟು ಅನಿಲವನ್ನು ಒಂದು ಗುಳ್ಳೆಯೂ ಕಳೆದುಹೋಗದಂತೆ ಪಾದರಸದ ಮೇಲೆ ಸಂಗ್ರಹಿಸುವುದು, ಶುದ್ಧಗೊಳಿಸುವುದು, ಅಳೆಯುವುದು ಗಾಜಿನ ಕೆಲಸದಲ್ಲಿ ಪಳಗಿದ ಕೈಗಳಿಗಷ್ಟೇ ಸಾಧ್ಯವಾದ ಕೆಲಸ. ಟ್ರಾವರ್ಸ್ ಅದರಲ್ಲಿ ನಿಷ್ಣಾತರಾದರು. 1901ರಲ್ಲಿ ಪ್ರಕಟವಾದ ಅನಿಲಗಳ ಪ್ರಾಯೋಗಿಕ ಅಧ್ಯಯನವನ್ನು ಕುರಿತ ಅವರ ಗ್ರಂಥ ಈ ಕುಶಲತೆಯ ಫಲ.

ಹೀಲಿಯಮ್ಮಿನ ಪರಮಾಣು ತೂಕ ಸುಮಾರು 4, ಆರ್ಗಾನಿನದು ಸುಮಾರು 40. ಆವರ್ತ ಕೋಷ್ಟಕದ ಕ್ರಮವನ್ನು ನಂಬುವುದಾದರೆ ಇವೆರಡರ ನಡುವೆ ಸುಮಾರು 20 ತೂಕದ ಮತ್ತೊಂದು ಅನಿಲ ಇರಲೇಬೇಕು. ರಾಮ್ಸೆಯವರು 1897ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಾಡಿದ ಭಾಷಣದ ವಿಷಯವೇ ಇನ್ನೂ ಕಂಡುಬಾರದ ಆ ಅನಿಲ. ಅದಕ್ಕಾಗಿ ಗುರುಶಿಷ್ಯರು ಖನಿಜಗಳನ್ನೂ ಉಲ್ಕಾಶಿಲೆಗಳನ್ನೂ ಕಾಯಿಸಿ ನೋಡಿದರು. ಬಿಸಿನೀರಿನ ಬುಗ್ಗೆಗಳ ಅನಿಲಗಳನ್ನು ಪರೀಕ್ಷಿಸಿದರು. ಏನೂ ಸಿಗಲಿಲ್ಲ.

1898ರ ಬೇಸಗೆ

ದಾರಿ ತೆರೆದದ್ದು ದ್ರವೀಕೃತ ಗಾಳಿಯಿಂದ. ವಿಲಿಯಂ ಹ್ಯಾಂಪ್ಸನ್ ಎಂಬುವರು ಗಾಳಿಯನ್ನು ಸುಲಭವಾಗಿ ದ್ರವವಾಗಿಸುವ ಯಂತ್ರವೊಂದನ್ನು ರೂಪಿಸಿದ್ದರು. 1898ರ ಮೇ 24ರಂದು ಅವರು ಸುಮಾರು ಮುಕ್ಕಾಲು ಲೀಟರ್ ದ್ರವಗಾಳಿಯನ್ನು ರಾಮ್ಸೆಯವರ ಪ್ರಯೋಗಶಾಲೆಗೆ ಒದಗಿಸಿದರು. ಸಾರಜನಕ ಶೂನ್ಯದ ಕೆಳಗೆ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆರ್ಗಾನ್ 186ರಲ್ಲಿ, ಆಮ್ಲಜನಕ 183ರಲ್ಲಿ. ಆದುದರಿಂದ ದ್ರವಗಾಳಿ ತಾನಾಗಿ ಆವಿಯಾಗುತ್ತ ಹೋದಂತೆ ಇವು ಮೊದಲು ಹೊರಟುಹೋಗುತ್ತವೆ. ಇವಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುವ ಬೇರೇನಾದರೂ ಇದ್ದರೆ ಅದು ತಳದಲ್ಲಿ ಉಳಿಯುತ್ತದೆ.

ಮೇ 31ರಂದು ಆ ಉಳಿಕೆಯನ್ನು ಪರೀಕ್ಷೆಗೆ ತೆಗೆದುಕೊಳ್ಳಲಾಯಿತು. ಕೆಂಪಗೆ ಕಾದ ತಾಮ್ರದ ಮೇಲೆ ಹಾಯಿಸಿ ಆಮ್ಲಜನಕವನ್ನೂ, ಕಾದ ಮೆಗ್ನೀಸಿಯಮ್ಮಿನ ನೆರವಿನಿಂದ ಸಾರಜನಕವನ್ನೂ ತೆಗೆದುಹಾಕಿದ ಬಳಿಕ ಉಳಿದ ಅಲ್ಪ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿ ವಿದ್ಯುತ್ ಹರಿಸಿದರು. ರೋಹಿತದರ್ಶಕದಲ್ಲಿ ಆರ್ಗಾನಿನ ಗೆರೆಗಳ ನಡುವೆ ಪ್ರಖರವಾದ ಒಂದು ಹಳದಿ ಗೆರೆಯೂ ಒಂದು ಹಸಿರು ಗೆರೆಯೂ ಎದ್ದು ಕಂಡವು. ಆ ಹಳದಿ ಸೋಡಿಯಮ್ಮಿನದಲ್ಲ, ಹೀಲಿಯಮ್ಮಿನದೂ ಅಲ್ಲ. ಇಬ್ಬರೂ ಅದೇ ರಾತ್ರಿ ಬಹಳ ಹೊತ್ತಿನವರೆಗೆ ಕುಳಿತು ಅನಿಲದ ಸಾಂದ್ರತೆಯನ್ನು ಅಳೆದರು. ಅದು ಆರ್ಗಾನಿಗಿಂತ ಭಾರವಾದ ಹೊಸ ಧಾತು, ಕೋಷ್ಟಕದಲ್ಲಿ ಅದರ ಸ್ಥಾನ ಬ್ರೋಮಿನ್ ಮತ್ತು ರುಬಿಡಿಯಂಗಳ ನಡುವೆ ಎಂಬುದು ಖಚಿತವಾಯಿತು. ಮರುದಿನ ಟ್ರಾವರ್ಸ್ ಅವರಿಗೆ ಡಾಕ್ಟರೇಟ್ ಪರೀಕ್ಷೆಯಿತ್ತು. ಈ ಸಂಭ್ರಮದಲ್ಲಿ ಅದನ್ನು ಅವರು ಬಹುಮಟ್ಟಿಗೆ ಮರೆತೇಬಿಟ್ಟಿದ್ದರು. ಅದೇ ವರ್ಷ ಅವರಿಗೆ ಡಿ.ಎಸ್‌ಸಿ. ಪದವಿ ದೊರೆಯಿತು. ಹೊಸ ಧಾತುವಿಗೆ ಅಡಗಿಕೊಂಡದ್ದು ಎಂಬ ಅರ್ಥದ ಕ್ರಿಪ್ಟಾನ್ ಎಂಬ ಹೆಸರಿಟ್ಟರು.

ಆದರೆ ಅವರು ಹುಡುಕುತ್ತಿದ್ದುದು ಇದನ್ನಲ್ಲ. ಹೀಲಿಯಂ ಮತ್ತು ಆರ್ಗಾನ್‌ಗಳ ನಡುವಿನ ಹಗುರವಾದ ಅನಿಲ ಇನ್ನೂ ದೊರೆತಿರಲಿಲ್ಲ. ಅದು ಇರುವುದಾದರೆ ದ್ರವದ ತಳದಲ್ಲಿ ಅಲ್ಲ, ಮೊದಲು ಹಾರಿಹೋಗುವ ಭಾಗದಲ್ಲಿ ಇರಬೇಕು. ಜೂನ್ ತಿಂಗಳಲ್ಲಿ ಆರ್ಗಾನನ್ನು ದ್ರವೀಕರಿಸಿ, ಅದರಿಂದ ಮೊದಲು ಆವಿಯಾದ ಅಂಶವನ್ನು ಬೇರೆ ಹಿಡಿದರು. ವಿದ್ಯುತ್ ಹರಿಸಿದಾಗ ಕೊಳವೆಯು ಉಜ್ವಲವಾದ ಕಡುಗೆಂಪು ಬೆಳಕಿನಿಂದ ತುಂಬಿತು. ಅದು ಹೊಸ ಧಾತುವೆಂದು ತಿಳಿಯಲು ರೋಹಿತದರ್ಶಕದ ಅಗತ್ಯವೂ ಬೀಳಲಿಲ್ಲ. ಮುಂದೆ ಜಗತ್ತಿನ ನಗರಗಳ ಅಂಗಡಿಬೀದಿಗಳನ್ನೆಲ್ಲ ಬೆಳಗಿದ ಆ ಬಣ್ಣವನ್ನು ಮೊಟ್ಟಮೊದಲು ಕಂಡವರು ಇವರಿಬ್ಬರು. ರಾಮ್ಸೆಯವರ ಹದಿಮೂರು ವರ್ಷದ ಮಗ ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಹೊಸದು ಎಂಬ ಅರ್ಥದ ನೋವಂ ಎಂಬ ಹೆಸರನ್ನು ಸೂಚಿಸಿದ. ತಂದೆ ಅರ್ಥವನ್ನು ಒಪ್ಪಿಕೊಂಡು, ಭಾಷೆಯನ್ನು ಗ್ರೀಕಿಗೆ ಬದಲಾಯಿಸಿ ನಿಯಾನ್ ಎಂದು ಕರೆದರು.

ಬಳಿಕ ಕೈಗಾರಿಕೋದ್ಯಮಿ ಲುಡ್‌ವಿಗ್ ಮಾಂಡ್ ಅವರ ಕೊಡುಗೆಯಿಂದ ಪ್ರಯೋಗಶಾಲೆಗೆ ತನ್ನದೇ ಆದ ದ್ರವಗಾಳಿಯ ಯಂತ್ರ ಬಂದಿತು. ಕ್ರಿಪ್ಟಾನನ್ನು ಮತ್ತೆ ಮತ್ತೆ ಆಂಶಿಕವಾಗಿ ಬಟ್ಟಿ ಇಳಿಸುತ್ತಿದ್ದಾಗ ಜುಲೈ 12ರಂದು ಅದಕ್ಕಿಂತಲೂ ಭಾರವಾದ ಅನಿಲದ ಒಂದು ಗುಳ್ಳೆ ಉಳಿಯಿತು. ಕೊಳವೆಯಲ್ಲಿ ಅದು ನೀಲಿಯಾಗಿ ಹೊಳೆಯಿತು. ಅಪರಿಚಿತ ಎಂಬ ಅರ್ಥದ ಕ್ಸೆನಾನ್ ಎಂಬ ಹೆಸರು ಅದಕ್ಕೆ ಸಂದಿತು. ಆರು ವಾರಗಳೊಳಗೆ ಮೂರು ಧಾತುಗಳನ್ನು ಕಂಡುಹಿಡಿದಂತಾಯಿತು. ಅವು ಎಷ್ಟು ವಿರಳವೆಂಬುದನ್ನು ನೆನೆದರೆ ಈ ಕೆಲಸದ ಅಳತೆ ತಿಳಿಯುತ್ತದೆ. ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ ಆರ್ಗಾನ್ ಒಂಬತ್ತು ಸಾವಿರ ಲೀಟರಿಗೂ ಮೀರಿ ಇದ್ದರೆ, ನಿಯಾನ್ ಸುಮಾರು 18 ಲೀಟರ್, ಕ್ರಿಪ್ಟಾನ್ ಒಂದು ಲೀಟರಿಗಿಂತ ತುಸು ಹೆಚ್ಚು. ಕ್ಸೆನಾನ್ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಅದೇ ಬೇಸಗೆಯಲ್ಲಿ ಅವರು ಒಂದು ತಪ್ಪನ್ನೂ ಮಾಡಿದರು. ನಿಯಾನಿನೊಡನೆ ಮೆಟಾರ್ಗಾನ್ ಎಂಬ ಮತ್ತೊಂದು ಧಾತುವನ್ನೂ ಘೋಷಿಸಿಬಿಟ್ಟರು. ಅದು ಇಂಗಾಲದ ಸಂಯುಕ್ತಗಳು ಬೆರೆತ ಆರ್ಗಾನ್ ಮಾತ್ರ ಎಂಬುದು ಬಳಿಕ ತಿಳಿದು, ಆ ಹೆಸರನ್ನು ಕೈಬಿಡಬೇಕಾಯಿತು.

ನಿಯಾನನ್ನು ಹೀಲಿಯಮ್ಮಿನಿಂದ ಬೇರ್ಪಡಿಸುವುದು ದ್ರವಗಾಳಿಯ ಶೈತ್ಯದಲ್ಲಿ ಸಾಧ್ಯವಿರಲಿಲ್ಲ. ಅದಕ್ಕೆ ದ್ರವರೂಪದ ಜಲಜನಕವೇ ಬೇಕು. ಜೇಮ್ಸ್ ಡೀವಾರ್ 1898ರಲ್ಲಿ ಅದನ್ನು ಸಾಧಿಸಿದ್ದರಾದರೂ ಅವರಿಗೂ ರಾಮ್ಸೆಯವರಿಗೂ ಹೊಂದಿಕೆಯಿರಲಿಲ್ಲ. ಟ್ರಾವರ್ಸ್ ತಾವೇ ಒಂದು ಉಪಕರಣವನ್ನು ಕಟ್ಟಿ ದ್ರವ ಜಲಜನಕವನ್ನು ತಯಾರಿಸಿದರು. ಆ ಶೈತ್ಯದಲ್ಲಿ ನಿಯಾನ್ ಗಟ್ಟಿಯಾಗಿ ಹೀಲಿಯಂ ಅನಿಲವಾಗಿಯೇ ಉಳಿದು ಎರಡೂ ಬೇರೆಯಾದವು. ಈ ಅನಿಲಗಳ ಗುಣಗಳನ್ನು ನಿರೂಪಿಸುವ ಇಬ್ಬರ ದೀರ್ಘ ಪ್ರಬಂಧ ರಾಯಲ್ ಸೊಸೈಟಿಯ ಮೂಲಕ ಬೆಳಕು ಕಂಡಿತು. 1904ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ರಾಮ್ಸೆಯವರಿಗೂ, ಭೌತಶಾಸ್ತ್ರದ್ದು ರೇಲೀಯವರಿಗೂ ಸಂದಿತು. ಅದರಲ್ಲಿ ಟ್ರಾವರ್ಸ್ ಅವರಿಗೆ ಪಾಲಿರಲಿಲ್ಲ. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು ಮತ್ತು ಬ್ರಿಸ್ಟಲ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಹೆಸರುಗಳು ಮತ್ತು ಸಂಕೇತಗಳು

ಧಾತುಗಳಿಗೆ ಅಕ್ಷರಗಳನ್ನು ಸಂಕೇತವಾಗಿ ಬಳಸುವ ಪದ್ಧತಿಯನ್ನು 1813–14ರ ಸುಮಾರಿಗೆ ಸ್ವೀಡನ್ನಿನ ಯಾಕೋಬ್ ಬರ್ಜೀಲಿಯಸ್ ಬಳಕೆಗೆ ತಂದರು. ಅದಕ್ಕೆ ಮೊದಲು ಜಾನ್ ಡಾಲ್ಟನ್ ವೃತ್ತಗಳೊಳಗೆ ಚುಕ್ಕೆ, ಗೆರೆಗಳನ್ನು ಬರೆದು ಧಾತುಗಳನ್ನು ಸೂಚಿಸುತ್ತಿದ್ದರು. ಬರ್ಜೀಲಿಯಸ್ ಅವರ ನಿಯಮ ಸರಳವಾದುದು: ಲ್ಯಾಟಿನ್ ಹೆಸರಿನ ಮೊದಲ ಅಕ್ಷರವೇ ಸಂಕೇತ, ಆ ಅಕ್ಷರ ಈಗಾಗಲೇ ಬೇರೆ ಧಾತುವಿಗೆ ಸಂದಿದ್ದರೆ ಹೆಸರಿನ ಇನ್ನೊಂದು ಅಕ್ಷರವನ್ನು ಅದಕ್ಕೆ ಸೇರಿಸಬೇಕು. ಸೋಡಿಯಮ್ಮಿಗೆ ನೇಟ್ರಿಯಂನಿಂದ ಎನ್-ಎ, ಪೊಟ್ಯಾಸಿಯಮ್ಮಿಗೆ ಕೇಲಿಯಂನಿಂದ ಕೆ, ಕಬ್ಬಿಣಕ್ಕೆ ಫೆರ್ರಂನಿಂದ ಎಫ್-ಇ, ಸೀಸಕ್ಕೆ ಪ್ಲಂಬಂನಿಂದ ಪಿ-ಬಿ ಎಂಬ ಸಂಕೇತಗಳು ಬಂದದ್ದು ಹೀಗೆ. ಹೆಸರಿಗೂ ಸಂಕೇತಕ್ಕೂ ಹೊಂದಿಕೆ ಕಾಣದೆ ವಿದ್ಯಾರ್ಥಿಗಳು ತಡವರಿಸುವುದು ಬಹುಪಾಲು ಇಂತಹ ಧಾತುಗಳಲ್ಲೇ.

1898ರ ವೇಳೆಗೆ ಒಂಟಿ ಅಕ್ಷರಗಳು ಬಹುತೇಕ ಹಂಚಿಹೋಗಿದ್ದವು. ಎನ್ ಎಂಬುದು ನೈಟ್ರೋಜನ್ ಅಂದರೆ ಸಾರಜನಕದ ಪಾಲಾಗಿತ್ತು, ಕೆ ಪೊಟ್ಯಾಸಿಯಮ್ಮಿನದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಹೊಗೆಸೊಪ್ಪಿನ ರೈತರು ಗೊಬ್ಬರದ ಚೀಲದ ಮೇಲೆ ನಿತ್ಯ ನೋಡುವ ಎನ್-ಪಿ-ಕೆ ಎಂಬ ಮೂರು ಅಕ್ಷರಗಳು ಸಾರಜನಕ, ರಂಜಕ, ಪೊಟ್ಯಾಸಿಯಂ ಎಂಬ ಧಾತುಗಳ ಈ ಹಳೆಯ ಒಂಟಿ ಸಂಕೇತಗಳೇ. ಆದುದರಿಂದ ನಿಯಾನಿಗೆ ಎನ್-ಇ ಎಂದೂ ಕ್ರಿಪ್ಟಾನಿಗೆ ಕೆ-ಆರ್ ಎಂದೂ ಎರಡೆರಡು ಅಕ್ಷರಗಳು ಬೇಕಾದವು. ಕ್ಸೆನಾನಿಗೆ ಮೊದಮೊದಲು ಎಕ್ಸ್ ಎಂಬ ಒಂದೇ ಅಕ್ಷರವೂ ಬಳಕೆಯಲ್ಲಿತ್ತು. ಈಗ ಅದು ಎಕ್ಸ್-ಇ. ಆರ್ಗಾನಿನ ಸಂಕೇತ 1957ರವರೆಗೂ ಬರಿಯ ಎ ಆಗಿತ್ತು. ಆ ವರ್ಷ ಅಂತರರಾಷ್ಟ್ರೀಯ ನಿರ್ಧಾರದಂತೆ ಅದು ಎ-ಆರ್ ಆಯಿತು. ಹಳೆಯ ಪಠ್ಯಪುಸ್ತಕಗಳಲ್ಲಿ ಆರ್ಗಾನಿಗೆ ಒಂದೇ ಅಕ್ಷರ ಕಂಡುಬಂದರೆ ಅದು ಅಚ್ಚಿನ ತಪ್ಪಲ್ಲ.

ಕನ್ನಡದಲ್ಲಿ ಈ ಹೆಸರುಗಳ ದಾರಿ ಬೇರೆಯಾಗಿದೆ. ಮೊದಲೇ ಪರಿಚಿತವಾಗಿದ್ದ ಅನಿಲಗಳಿಗೆ ಐರೋಪ್ಯ ಹೆಸರಿನ ಅರ್ಥವನ್ನು ಹಿಡಿದು ಜಲಜನಕ, ಆಮ್ಲಜನಕ ಎಂಬ ಪದಗಳು ರೂಢಿಗೆ ಬಂದವು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ ವಿಜ್ಞಾನ ಎಂಬ ಮಾಸಪತ್ರಿಕೆಯ ಕಾಲದಿಂದಲೂ ಪಾರಿಭಾಷಿಕ ಪದಗಳನ್ನು ಕಟ್ಟಬೇಕೋ ತದ್ಭವವಾಗಿ ತರಬೇಕೋ ಎಂಬ ಪ್ರಶ್ನೆ ಕನ್ನಡ ವಿಜ್ಞಾನ ಲೇಖಕರ ಮುಂದೆ ಇದ್ದೇ ಇದೆ. ಟ್ರಾವರ್ಸ್ ಅವರ ಮೂರು ಧಾತುಗಳ ಮಟ್ಟಿಗೆ ಕನ್ನಡ ಮೂಲದ ಹೆಸರುಗಳನ್ನೇ ಉಳಿಸಿಕೊಂಡಿತು; ಇಡೀ ಗುಂಪಿಗೆ ಮಾತ್ರ ಜಡಾನಿಲ, ರಾಜಾನಿಲ ಎಂಬ ಪದಗಳು ಬಳಕೆಗೆ ಬಂದವು. ಹಾಗಾಗಿ ಸೋಮಾರಿ, ಹೊಸಬ, ಅಡಗಿದವ, ಅಪರಿಚಿತ ಎಂಬ ಸೊಗಸಾದ ಅರ್ಥಗಳು ಕನ್ನಡ ವಿದ್ಯಾರ್ಥಿಗೆ ಕಾಣದೆ ಉಳಿಯುತ್ತವೆ. ಅರ್ಥ ಗೊತ್ತಿದ್ದರೆ ಹೆಸರುಗಳನ್ನು ನೆನಪಿಡುವುದು ಹಗುರವಾಗುತ್ತದೆ. ಪರಮಾಣು ಸಂಖ್ಯೆಗಳಲ್ಲಿಯೂ ಒಂದು ಲಯವಿದೆ: ಹೀಲಿಯಂ 2, ನಿಯಾನ್ 10, ಆರ್ಗಾನ್ 18, ಕ್ರಿಪ್ಟಾನ್ 36, ಕ್ಸೆನಾನ್ 54, ರೇಡಾನ್ 86. ಇವುಗಳ ನಡುವಿನ ಅಂತರ ಕ್ರಮವಾಗಿ 8, 8, 18, 18, 32. ಇವು ಆವರ್ತ ಕೋಷ್ಟಕದ ಎರಡನೆಯ ಸಾಲಿನಿಂದ ಆರನೆಯ ಸಾಲಿನವರೆಗೆ ಇರುವ ಧಾತುಗಳ ಸಂಖ್ಯೆಗಳೂ ಹೌದು.

ಬೆಂಗಳೂರಿನಲ್ಲಿ

ಭಾರತದಲ್ಲಿ ಉನ್ನತ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಬೇಕೆಂದು ಜಮ್‌ಷೆಡ್‌ಜಿ ಟಾಟಾ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಮುಡಿಪಾಗಿಟ್ಟಿದ್ದರು. ಇದಕ್ಕಾಗಿ ಸಲಹೆ ಕೇಳಿ ಕರೆಸಿದ್ದು ರಾಮ್ಸೆಯವರನ್ನೇ. 1900–01ರ ಚಳಿಗಾಲದಲ್ಲಿ ದೇಶವನ್ನು ಸುತ್ತಿನೋಡಿದ ಅವರು ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದರು. ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಈ ಯೋಜನೆಗೆ ಒತ್ತಾಸೆಯಾಗಿದ್ದರು. ವೈಸರಾಯ್ ಕರ್ಜನ್ ಅವರ ಸಂಶಯ, ಸಮಿತಿಗಳ ವರದಿಗಳು, 1904ರಲ್ಲಿ ಟಾಟಾ ಅವರ ನಿಧನ ಇವೆಲ್ಲವುಗಳಿಂದ ಕಾರ್ಯ ನಿಧಾನವಾಯಿತು. ಕೊನೆಗೆ ನಿರ್ದೇಶಕರ ಹುದ್ದೆಗೆ ರಾಮ್ಸೆಯವರ ಶಿಷ್ಯ ಟ್ರಾವರ್ಸ್ ಆಯ್ಕೆಯಾಗಿ 1906ರ ಕೊನೆಯಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ.

ಅವರು ಬಂದಾಗ ಸಂಸ್ಥೆ ಕಾಗದದ ಮೇಲಿತ್ತು. ಮೈಸೂರು ಸರ್ಕಾರ 371 ಎಕರೆ ಜಮೀನನ್ನು ನೀಡಿತು; ವಾರ್ಷಿಕ ಅನುದಾನವನ್ನೂ ಒಪ್ಪಿಕೊಂಡಿತು. ಕಟ್ಟಡದ ನಕ್ಷೆ, ಪ್ರಯೋಗಶಾಲೆಗಳ ವಿನ್ಯಾಸ, ಉಪಕರಣಗಳ ಆಯ್ಕೆ, ಗ್ರಂಥಾಲಯ, ಅಧ್ಯಾಪಕರ ನೇಮಕ ಎಲ್ಲವೂ ಟ್ರಾವರ್ಸ್ ಅವರ ಪಾಲಿಗೆ ಬಂದವು. ಮುಖ್ಯ ಕಟ್ಟಡದ ವಾಸ್ತುಶಿಲ್ಪಿ ಮುಂಬಯಿಯ ಸಿ. ಎಫ್. ಸ್ಟೀವನ್ಸ್. 1909ರ ಮೇ 27ರಂದು ಹೊರಟ ಸರ್ಕಾರಿ ಆದೇಶದಿಂದ ಸಂಸ್ಥೆ ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು. 1911ರ ಫೆಬ್ರವರಿ 1ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದರು. ಮುಂದೆ ಎಡತೊರೆಯ ಬಳಿ ಕಟ್ಟಿದ ಕೃಷ್ಣರಾಜನಗರ ಪಟ್ಟಣಕ್ಕೆ ಹೆಸರು ಬಂದದ್ದು ಈ ಅರಸರಿಂದಲೇ. 1911ರ ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಸೇರಿದರು. ಸಾಮಾನ್ಯ ಮತ್ತು ಆನ್ವಯಿಕ ರಸಾಯನಶಾಸ್ತ್ರಗಳನ್ನು ನಾರ್ಮನ್ ರುಡಾಲ್ಫ್, ವಿದ್ಯುತ್ ತಂತ್ರವಿದ್ಯೆಯನ್ನು ಆಲ್ಫ್ರೆಡ್ ಹೇ ನೋಡಿಕೊಂಡರು. ಬೆಂಗಳೂರಿನ ಜನ ಅದನ್ನು ಅಂದಿನಿಂದ ಇಂದಿನವರೆಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಅದೇ ವರ್ಷ ಬೆಂಗಳೂರಿಗೆ ಬಂದ ಎಚ್. ಇ. ವಾಟ್ಸನ್ ಕೂಡ ರಾಮ್ಸೆ ಪರಂಪರೆಯವರು. 1910ರಲ್ಲಿ ನಿಯಾನಿನ ಸಾಂದ್ರತೆಯನ್ನು ಅತ್ಯಂತ ನಿಖರವಾಗಿ ಅಳೆದು ಅದರ ಪರಮಾಣು ತೂಕ 20.2 ಎಂದು ನಿರ್ಧರಿಸಿದವರು ಇವರು. ನಿಯಾನನ್ನು ಕಂಡುಹಿಡಿದವರೂ ಅದನ್ನು ತೂಗಿದವರೂ ಹೀಗೆ ಒಂದೇ ಕಾಲದಲ್ಲಿ ಮೈಸೂರು ಸಂಸ್ಥಾನದ ನೆಲದಲ್ಲಿ ಕೆಲಸ ಮಾಡುತ್ತಿದ್ದರು. ಈ ಸಂಗತಿ ಕನ್ನಡ ನಾಡಿನಲ್ಲಿಯೂ ಹೆಚ್ಚು ಜನರಿಗೆ ತಿಳಿದಿಲ್ಲ.

ಆದರೆ ಟ್ರಾವರ್ಸ್ ಅವರ ಬೆಂಗಳೂರಿನ ವರ್ಷಗಳು ನೆಮ್ಮದಿಯವಾಗಿರಲಿಲ್ಲ. ಸಂಸ್ಥೆ ಏನನ್ನು ಕಲಿಸಬೇಕು, ಹಣ ಯಾವುದಕ್ಕೆ ಎಷ್ಟು ಖರ್ಚಾಗಬೇಕು, ನಿರ್ದೇಶಕರ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಗಳಲ್ಲಿ ಅವರಿಗೂ ಟಾಟಾ ಪಕ್ಷದವರಿಗೂ, ಮುಖ್ಯವಾಗಿ ಯೋಜನೆಯ ಆರಂಭದಿಂದ ದುಡಿದಿದ್ದ ಬುರ್ಜೋರ್ಜಿ ಪಾದಶಾ ಅವರಿಗೂ, ಭಿನ್ನಾಭಿಪ್ರಾಯಗಳು ಬೆಳೆದವು. ಪಾದಶಾ ಅವರ ಕಲ್ಪನೆಯ ಸಂಸ್ಥೆ ವಿಜ್ಞಾನದ ಜೊತೆಗೆ ಇತರ ವಿದ್ಯೆಗಳನ್ನೂ ಒಳಗೊಂಡ ವಿಶಾಲವಾದದ್ದು. ಟ್ರಾವರ್ಸ್ ಕೆಲವೇ ವಿಭಾಗಗಳನ್ನು ಗಟ್ಟಿಯಾಗಿ ಕಟ್ಟಬೇಕೆಂಬ ಮತದವರು. ಪ್ರಯೋಗಶಾಲೆಯಲ್ಲಿ ಒಂದು ಗುಳ್ಳೆ ಅನಿಲಕ್ಕಾಗಿ ವಾರಗಟ್ಟಲೆ ಕಾಯಬಲ್ಲವರಾಗಿದ್ದ ಅವರಿಗೆ ಆಡಳಿತ ಮಂಡಲಿಯ ಸಭೆಗಳಲ್ಲಿ ಅಂತಹ ತಾಳ್ಮೆ ಒದಗಲಿಲ್ಲವೆಂದು ಕಾಣುತ್ತದೆ. ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಸಂಸ್ಥೆ ಮುಂದೆ ಹಲವು ವಿಭಾಗಗಳಾಗಿ ಬೆಳೆದದ್ದು ಒಂದು ಪಕ್ಷವನ್ನು ಸಮರ್ಥಿಸಿದರೆ, ಅದು ಬೆಳೆಯುವಂತೆ ತಳಹದಿ ಭದ್ರವಾಗಿದ್ದುದು ಇನ್ನೊಂದನ್ನು ಸಮರ್ಥಿಸುತ್ತದೆ. 1914ರಲ್ಲಿ ಟ್ರಾವರ್ಸ್ ಹುದ್ದೆಯನ್ನು ಬಿಟ್ಟು ಇಂಗ್ಲೆಂಡಿಗೆ ಹೊರಟುಹೋದರು. ಅವರ ಬಳಿಕ ಆಲ್ಫ್ರೆಡ್ ಬೋರ್ನ್ ನಿರ್ದೇಶಕರಾದರು.

ಅವರು ಕಟ್ಟಿದ ರಸಾಯನ ವಿಭಾಗದ ಫಲ ಮೈಸೂರು ಸೀಮೆಗೆ ತಲುಪಿದ್ದು ಅವರು ಹೋದ ಮೇಲೆ. ಹೆಗ್ಗಡದೇವನಕೋಟೆ, ಹುಣಸೂರು ಮೊದಲಾದ ಕಡೆಗಳ ಶ್ರೀಗಂಧದ ಮರ ಅಲ್ಲಿಯವರೆಗೆ ಹರಾಜಾಗಿ ಬಹುಪಾಲು ಜರ್ಮನಿಗೆ ಸಾಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧ ಆ ವ್ಯಾಪಾರವನ್ನು ಏಕಾಏಕಿ ನಿಲ್ಲಿಸಿತು. ಸಂಸ್ಥೆಯ ಜೆ. ಜೆ. ಸಡ್‌ಬರೊ ಮತ್ತು ವಾಟ್ಸನ್ ಅವರು ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. ಅದರ ಆಧಾರದ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆಗಳು ಆರಂಭವಾದವು.

ಉತ್ತರಾರ್ಧ ಜೀವನ

ಅದೇ ಯುದ್ಧ ಇಂಗ್ಲೆಂಡಿನಲ್ಲಿ ಟ್ರಾವರ್ಸ್ ಅವರಿಗೆ ಬೇರೊಂದು ಕೆಲಸವನ್ನು ತಂದುಕೊಟ್ಟಿತು. ಪ್ರಯೋಗಶಾಲೆಯ ಗಾಜಿನ ಸಾಮಗ್ರಿ ಅದುವರೆಗೆ ಮುಖ್ಯವಾಗಿ ಜರ್ಮನಿಯಿಂದ ಬರುತ್ತಿತ್ತು. ಅದು ನಿಂತಾಗ ವಾಲ್ತಮ್‌ಸ್ಟೋದ ಡ್ಯೂರೋಗ್ಲಾಸ್ ಕಾರ್ಖಾನೆಯಲ್ಲಿ ಗಾಜಿನ ತಯಾರಿಕೆಯ ಹೊಣೆಯನ್ನು ಅವರು ಹೊತ್ತರು. 1920ರಲ್ಲಿ ಟ್ರಾವರ್ಸ್ ಅಂಡ್ ಕ್ಲಾರ್ಕ್ ಎಂಬ ಕಂಪನಿಯನ್ನು ಸ್ಥಾಪಿಸಿ ಅತ್ಯುಷ್ಣ ಕುಲುಮೆಗಳು ಮತ್ತು ಇಂಧನ ತಂತ್ರಜ್ಞಾನದ ಕೆಲಸದಲ್ಲಿ ತೊಡಗಿದರು. 1927ರಲ್ಲಿ ಬ್ರಿಸ್ಟಲ್‌ಗೆ ಗೌರವ ಪ್ರಾಧ್ಯಾಪಕರಾಗಿ ಮರಳಿ, ಸಾವಯವ ಆವಿಗಳು ಶಾಖದಿಂದ ವಿಘಟನೆಗೊಳ್ಳುವ ಬಗೆಯನ್ನು ಅಭ್ಯಸಿಸಿದರು. 1937ರಲ್ಲಿ ನಿವೃತ್ತರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳ ವಿಷಯದಲ್ಲಿ ಸರ್ಕಾರಕ್ಕೆ ಸಲಹೆಗಾರರಾಗಿದ್ದರು.

1909ರಲ್ಲಿ ಅವರು ಡೊರೋತಿ ಗ್ರೇ ಅವರನ್ನು ವಿವಾಹವಾದರು. ಅವರಿಗೆ ಒಬ್ಬ ಮಗ, ಒಬ್ಬಳು ಮಗಳು.

ಕೃತಿಗಳು

ವಿರಳಾನಿಲಗಳ ಶೋಧದ ಇತಿಹಾಸವನ್ನು ಟ್ರಾವರ್ಸ್ 1928ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಯಾವ ದಿನ ಯಾವ ಕೊಳವೆಯಲ್ಲಿ ಏನು ಕಂಡಿತೆಂಬ ಮಟ್ಟಿನ ವಿವರಗಳಿಗೆ ವಿಜ್ಞಾನದ ಇತಿಹಾಸಕಾರರು ಇಂದಿಗೂ ಅದನ್ನು ಆಶ್ರಯಿಸುತ್ತಾರೆ. 1916ರಲ್ಲಿ ತೀರಿಕೊಂಡ ರಾಮ್ಸೆಯವರ ವಿಸ್ತೃತ ಜೀವನಚರಿತ್ರೆಯನ್ನು 1956ರಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಹೊರತಂದರು. ನೊಬೆಲ್ ಪಾರಿತೋಷಕವನ್ನು ಹಂಚಿಕೊಳ್ಳದೆ ಹೋದ ಶಿಷ್ಯನೇ ಗುರುವಿನ ಕೀರ್ತಿಯನ್ನು ಕಾಪಾಡುವ ಕೆಲಸಕ್ಕೆ ಕೊನೆಯ ವರ್ಷಗಳನ್ನು ವಿನಿಯೋಗಿಸಿದ್ದು ಗಮನಾರ್ಹ.

ಕೊನೆಯ ದಿನಗಳು ಮತ್ತು ಶೋಧಗಳ ಮುಂದಿನ ಕಥೆ

ತಾವು ಕಂಡುಹಿಡಿದ ಅನಿಲಗಳು ಪ್ರಯೋಗಶಾಲೆಯ ಹೊರಗೆ ಬಂದದ್ದನ್ನು ಟ್ರಾವರ್ಸ್ ತಮ್ಮ ಜೀವಿತಕಾಲದಲ್ಲೇ ನೋಡಿದರು. ಫ್ರಾನ್ಸಿನ ಜಾರ್ಜ್ ಕ್ಲಾಡ್ 1910ರಲ್ಲಿ ಪ್ಯಾರಿಸ್ಸಿನ ವಾಹನ ಪ್ರದರ್ಶನದಲ್ಲಿ ನಿಯಾನ್ ದೀಪಗಳನ್ನು ಹೊತ್ತಿಸಿ ತೋರಿಸಿದರು. 1960ರಲ್ಲಿ ಮೀಟರಿನ ವ್ಯಾಖ್ಯೆಯೇ ಬದಲಾಗಿ, ಕ್ರಿಪ್ಟಾನ್-86 ಹೊಮ್ಮಿಸುವ ಕಿತ್ತಳೆಗೆಂಪು ಬೆಳಕಿನ 16,50,763.73 ತರಂಗಾಂತರಗಳ ಉದ್ದ ಒಂದು ಮೀಟರ್ ಎಂದು ಅಂತರರಾಷ್ಟ್ರೀಯವಾಗಿ ನಿಶ್ಚಯಿಸಲಾಯಿತು. ಈ ವ್ಯಾಖ್ಯೆ 1983ರವರೆಗೆ ಜಾರಿಯಲ್ಲಿತ್ತು.

1961ರ ಆಗಸ್ಟ್ 25ರಂದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಸ್ಟ್ರೌಡ್‌ನಲ್ಲಿ ಟ್ರಾವರ್ಸ್ ನಿಧನರಾದರು. ಅವರ ಮೂರು ಧಾತುಗಳು ಬೇರಾವುದರೊಡನೆಯೂ ಕೂಡುವುದಿಲ್ಲವೆಂದೇ ಆವರೆಗಿನ ಪಠ್ಯಪುಸ್ತಕಗಳು ಕಲಿಸುತ್ತಿದ್ದವು. ಏಳು ತಿಂಗಳ ತರುವಾಯ, 1962ರ ಮಾರ್ಚ್‌ನಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ನೀಲ್ ಬಾರ್ಟ್ಲೆಟ್ ಅವರು ಕ್ಸೆನಾನನ್ನು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆವಿಯೊಡನೆ ಬೆರೆಸಿದಾಗ ಕಿತ್ತಳೆ ಹಳದಿ ಬಣ್ಣದ ಘನವಸ್ತುವೊಂದು ಉಂಟಾಯಿತು. ಅದು ಕ್ಸೆನಾನಿನ ಮೊದಲ ಸಂಯುಕ್ತ.